ಮುಳುಗಿದ ಫಲಕದ ಜಾಡು ಹಿಡಿದ ಅಲೆಗಳು

2013ರ ಮೇ 24ರಂದು ರಷ್ಯದ ಪೂರ್ವದಂಚಿನ ಓಖೋಟ್ಸ್ಕ್ ಸಮುದ್ರದ ಅಡಿಯಲ್ಲಿ 8.3 ಪರಿಮಾಣದ ಭೂಕಂಪವಾಯಿತು. ಸಾವಿರಾರು ಕಿ.ಮೀ. ದೂರದ ಮಾಸ್ಕೋ ನಗರದ ಜನರಿಗೂ ಅದರ ಕಂಪನ ತಿಳಿಯಿತು. ಆದರೂ ಪ್ರಾಣಹಾನಿಯಾಗಲಿಲ್ಲ, ಹಾನಿಕರ ಸುನಾಮಿಯೂ ಏಳಲಿಲ್ಲ. ಕಾರಣವಿಷ್ಟೆ: ಬಂಡೆ ಸರಿದದ್ದು ನೆಲದಿಂದ ಸುಮಾರು 600 ಕಿ.ಮೀ. ಆಳದಲ್ಲಿ.

ಇಲ್ಲೊಂದು ತೊಡಕಿದೆ. ಅಷ್ಟು ಆಳದಲ್ಲಿ ಉಷ್ಣತೆ ಸಾಮಾನ್ಯವಾಗಿ 1500 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿರುತ್ತದೆ. ಒತ್ತಡವು ನಮ್ಮ ವಾಯುಮಂಡಲದ ಒತ್ತಡದ ಎರಡು ಲಕ್ಷ ಪಟ್ಟಿನಷ್ಟು. ಇಂಥ ಸ್ಥಿತಿಯಲ್ಲಿ ಬಂಡೆ ಫಕ್ಕನೆ ಬಿರಿಯಬಾರದು. ಬಿಸಿಲಿಗಿಟ್ಟ ಮೇಣದಂತೆ ನಿಧಾನವಾಗಿ ಬಾಗಬೇಕು, ಹರಿಯಬೇಕು. ಹಾಗಾದರೆ ಅಲ್ಲಿ ಮುರಿದದ್ದಾದರೂ ಏನು?

ಅಲ್ಲಿ ಇದ್ದದ್ದು ಆ ಆಳಕ್ಕೆ ಸೇರಿದ ವಸ್ತುವಲ್ಲ. ಒಂದು ಕಾಲಕ್ಕೆ ಪೆಸಿಫಿಕ್ ಸಾಗರದ ತಳವಾಗಿದ್ದು, ಆಮೇಲೆ ಏಷ್ಯದ ಅಂಚಿನ ಅಡಿಗೆ ಜಾರಿ ಇಳಿದುಹೋದ ಭೂಫಲಕ ಅದು. ಹೀಗೆ ಒಂದು ಫಲಕ ಇನ್ನೊಂದರ ಅಡಿಗೆ ಇಳಿಯುವ ಜಾಗವನ್ನು ಸಬ್‌ಡಕ್ಷನ್ ವಲಯ ಎನ್ನುತ್ತೇವೆ. ಮನುಷ್ಯ ಕೊರೆದ ಅತ್ಯಂತ ಆಳದ ರಂಧ್ರ, ರಷ್ಯದ ಕೋಲಾ ಪರ್ಯಾಯ ದ್ವೀಪದ್ದು, 12 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅದಕ್ಕಿಂತ ಐವತ್ತು ಪಟ್ಟು ಆಳದಲ್ಲಿರುವ ಫಲಕದ ಇರವು, ದಪ್ಪ, ಓರೆ, ಉಷ್ಣತೆ ಇವೆಲ್ಲ ನಮಗೆ ತಿಳಿದದ್ದು ಹೇಗೆ? ಭೂಕಂಪದ ಅಲೆಗಳಿಂದ. ಆ ಅಲೆಗಳು ಮೂರು ಬಗೆಯ ಸಾಕ್ಷ್ಯ ನುಡಿದಿವೆ. ಒಂದೊಂದನ್ನಾಗಿ ಪರಿಶೀಲಿಸೋಣ.

ಎರಡು ಅಲೆಗಳು, ಒಂದು ಲೆಕ್ಕ

ಭೂಕಂಪದಿಂದ ಭೂಮಿಯ ಒಳಗೆ ಎರಡು ಬಗೆಯ ಅಲೆಗಳು ಹೊರಡುವುದನ್ನು ನೀವು ಬಲ್ಲಿರಿ. ಪ್ರಾಥಮಿಕ ಅಥವಾ ಪಿ ಅಲೆ ಬಂಡೆಯನ್ನು ತಾನು ಸಾಗುವ ದಿಕ್ಕಿನಲ್ಲೇ ಒತ್ತುತ್ತ, ಹಿಗ್ಗಿಸುತ್ತ ಸಾಗುತ್ತದೆ. ದ್ವಿತೀಯ ಅಥವಾ ಎಸ್ ಅಲೆ ಬಂಡೆಯನ್ನು ಅಡ್ಡಡ್ಡ ತೊನೆಸುತ್ತದೆ. ಮ್ಯಾಂಟಲಿನ ಮೇಲ್ಭಾಗದಲ್ಲಿ ಪಿ ಅಲೆಯ ವೇಗ ಸೆಕೆಂಡಿಗೆ ಸುಮಾರು 8 ಕಿ.ಮೀ., ಎಸ್ ಅಲೆಯದು ಸುಮಾರು 4.5 ಕಿ.ಮೀ. ಒಟ್ಟಿಗೆ ಹೊರಟ ಈ ಎರಡರ ನಡುವಣ ಅಂತರ ದೂರ ಹೆಚ್ಚಿದಂತೆ ಹೆಚ್ಚುತ್ತದೆ. ಸಿಡಿಲಿನಲ್ಲಿ ಮಿಂಚು ಕಂಡ ಎಷ್ಟು ಹೊತ್ತಿಗೆ ಗುಡುಗು ಕೇಳಿತೆಂದು ಎಣಿಸಿ ದೂರ ಅಂದಾಜು ಮಾಡುವಂತೆ ಇಲ್ಲಿಯೂ ಮಾಡಬಹುದು.

ಲೆಕ್ಕ ಸುಲಭ. ಎರಡು ವೇಗಗಳ ಗುಣಲಬ್ಧವನ್ನು ಅವುಗಳ ವ್ಯತ್ಯಾಸದಿಂದ ಭಾಗಿಸಿ: 8 × 4.5 ÷ 3.5 = 10.3. ಅಂದರೆ ಪಿ ಬಂದ ಮೇಲೆ ಎಸ್ ಬರಲು ತಡವಾದ ಪ್ರತಿ ಸೆಕೆಂಡಿಗೂ ಕಂಪನದ ನೆಲೆ ಸುಮಾರು 10 ಕಿ.ಮೀ. ದೂರ. ಈ ದೂರವನ್ನು ನೆಲದ ಮೇಲೆ ಮಾತ್ರ ಅಳೆಯಬೇಕೆಂದಿಲ್ಲ ಎಂಬುದನ್ನು ನೆನಪಿಡಿ. ಅದು ಕೆಳಮುಖವಾಗಿಯೂ ಇರಬಹುದು.

ಮೊದಲ ಸಾಕ್ಷ್ಯ: ನಾಭಿಗಳ ಸಾಲು

1922ರಲ್ಲಿ ಆಕ್ಸ್‌ಫರ್ಡಿನ ಖಗೋಳ ವಿಜ್ಞಾನಿ ಎಚ್. ಎಚ್. ಟರ್ನರ್ ಜಗತ್ತಿನ ಭೂಕಂಪ ದಾಖಲೆಗಳನ್ನು ಕ್ರೋಡೀಕರಿಸುವಾಗ, ಕೆಲವು ಭೂಕಂಪಗಳ ಅಲೆಗಳು ಭೂಮಿಯ ಎದುರು ಬದಿಗೆ ನಿರೀಕ್ಷೆಗಿಂತ ಬೇಗ ತಲುಪುತ್ತಿದ್ದುದನ್ನು ಕಂಡರು. ಆ ಭೂಕಂಪಗಳು ನೂರಾರು ಕಿ.ಮೀ. ಆಳದಲ್ಲಿ ಹುಟ್ಟಿರಬೇಕು, ಆದ್ದರಿಂದ ದಾರಿ ಅಷ್ಟು ಕಡಿಮೆಯಾಗಿದೆ ಎಂಬುದು ಅವರ ವಾದ. ಹೆರಾಲ್ಡ್ ಜೆಫ್ರಿಸ್‌ರಂಥ ಭೂಭೌತ ವಿಜ್ಞಾನಿಗಳು ಸಂಶಯ ಪಟ್ಟರು. ಆ ಆಳದ ಬಿಸಿ ಬಂಡೆಗೆ ಬಿರಿಯುವಷ್ಟು ಬಿಗುಪನ್ನು ಹಿಡಿದಿಡುವ ಶಕ್ತಿ ಇರಲಾರದು ಎಂಬುದು ಅವರ ಆಕ್ಷೇಪಣೆ. ಆಕ್ಷೇಪಣೆ ನ್ಯಾಯವಾದದ್ದೇ, ನಾವು ಮೊದಲಲ್ಲಿ ಕೇಳಿದ ಪ್ರಶ್ನೆಯೂ ಅದೇ.

ಈ ವಿವಾದವನ್ನು ಬಗೆಹರಿಸಿದವರು ಜಪಾನಿನ ಕಿಯೊ ವಡಾಟಿ. ಜಪಾನಿನಲ್ಲಿ ಆಗಲೇ ಭೂಕಂಪಮಾಪಕಗಳ ದಟ್ಟ ಜಾಲವಿತ್ತು. ಕಂಪನದ ನೆಲೆಯನ್ನು ನಾಭಿ ಎಂದೂ ಅದರ ನೇರ ಮೇಲಿನ ನೆಲವನ್ನು ಅಧಿಕೇಂದ್ರ ಎಂದೂ ಕರೆಯೋಣ. ನಾಭಿ ಆಳದಲ್ಲಿಲ್ಲವಾದರೆ, ಅಧಿಕೇಂದ್ರದ ಸಮೀಪದ ಕೇಂದ್ರದಲ್ಲಿ ಪಿ ಮತ್ತು ಎಸ್ ಅಲೆಗಳು ಒಂದೆರಡು ಸೆಕೆಂಡುಗಳ ಅಂತರದಲ್ಲಿ ಬರಬೇಕು. ದೂರ ದೂರದ ಕೇಂದ್ರಗಳಲ್ಲಿ ಅಂತರ ಹೆಚ್ಚುತ್ತ ಹೋಗಬೇಕು. ಆದರೆ ಕೆಲವು ಭೂಕಂಪಗಳಲ್ಲಿ ಅಂತರ ಎಲ್ಲಿಯೂ ಸೊನ್ನೆಯ ಹತ್ತಿರಕ್ಕೇ ಬರುವುದಿಲ್ಲ. ಎಲ್ಲಕ್ಕಿಂತ ಕಡಿಮೆ ಅಂತರ 35 ಸೆಕೆಂಡು ಎಂದಿಟ್ಟುಕೊಳ್ಳಿ. ಮೇಲಿನ ಲೆಕ್ಕದಂತೆ ಅತಿ ಹತ್ತಿರದ ಕೇಂದ್ರದಿಂದಲೂ ನಾಭಿ ಸುಮಾರು 360 ಕಿ.ಮೀ. ದೂರದಲ್ಲಿದೆ. ಸುತ್ತ ಎಲ್ಲ ದಿಕ್ಕಿನಲ್ಲೂ ಕೇಂದ್ರಗಳಿರುವಾಗ ಈ ದೂರ ಕೆಳಕ್ಕಲ್ಲದೆ ಬೇರೆ ಯಾವ ಕಡೆಗೂ ಇರಲು ಸಾಧ್ಯವಿಲ್ಲ! 1928ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಡಾಟಿ ಆಳದ ಭೂಕಂಪಗಳ ಇರವನ್ನು ಹೀಗೆ ಖಚಿತಪಡಿಸಿದರು.

ಇಂದು ದೂರದ ಒಂದೇ ಕೇಂದ್ರದ ದಾಖಲೆಯಿಂದಲೂ ಆಳವನ್ನು ಅಂದಾಜು ಮಾಡುವ ಉಪಾಯವಿದೆ. ನಾಭಿಯಿಂದ ನೇರವಾಗಿ ಬಂದ ಪಿ ಅಲೆಯ ಹಿಂದೆಯೇ, ಮೊದಲು ಮೇಲಕ್ಕೆ ಹೋಗಿ ನೆಲಕ್ಕೆ ತಾಗಿ ಪ್ರತಿಫಲಿಸಿ ಬಂದ ಇನ್ನೊಂದು ಪಿ ಅಲೆ ಬರುತ್ತದೆ. ನಾಭಿ 600 ಕಿ.ಮೀ. ಆಳದಲ್ಲಿದ್ದರೆ ಈ ಎರಡರ ನಡುವೆ ಎರಡು ನಿಮಿಷಕ್ಕೂ ಮಿಕ್ಕಿದ ಅಂತರವಿರುತ್ತದೆ.

1935ರ ಹೊತ್ತಿಗೆ ವಡಾಟಿ ಇಂಥ ನಾಭಿಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿದರು. ಅವು ಚೆಲ್ಲಾಪಿಲ್ಲಿಯಾಗಿರಲಿಲ್ಲ. ಪೆಸಿಫಿಕ್ ತೀರದ ಕಂದಕದ ಬಳಿ ಮೇಲ್ಮೈಗೆ ಸಮೀಪವಿದ್ದು, ಪಶ್ಚಿಮಕ್ಕೆ ಸರಿದಂತೆ ಆಳವಾಗುತ್ತ, ಒಂದು ಓರೆಯಾದ ಹಾಳೆಯಂತೆ ಜೋಡಣೆಗೊಂಡಿದ್ದವು. 1949 ಮತ್ತು 1954ರಲ್ಲಿ ಅಮೆರಿಕದ ಹ್ಯೂಗೊ ಬೆನಿಯಾಫ್ ಪೆಸಿಫಿಕ್ಕಿನ ಬೇರೆ ಅಂಚುಗಳಲ್ಲೂ ಇಂಥದೇ ಓರೆಯನ್ನು ತೋರಿಸಿಕೊಟ್ಟರು. ಈಗ ಇದಕ್ಕೆ ವಡಾಟಿ-ಬೆನಿಯಾಫ್ ವಲಯ ಎಂದು ಹೆಸರು. ಬೆನಿಯಾಫ್ ಇದನ್ನು ಭೂಮಿಯ ಒಳಕ್ಕೆ ಇಳಿದ ಒಂದು ಬೃಹತ್ ಸ್ತರಭಂಗವೆಂದು, ಅಂದರೆ ಬಿರುಕೆಂದು, ಅರ್ಥೈಸಿದರು. ನಾಭಿಗಳ ಸಾಲೊಂದನ್ನೇ ನೋಡಿದರೆ ಅದು ಬಿರುಕೋ, ಇಲ್ಲ ಘನವಾದ ಹಲಗೆಯೋ ಎಂದು ಹೇಳುವಂತಿರಲಿಲ್ಲ.

ಎರಡನೆಯ ಸಾಕ್ಷ್ಯ: ಟೊಂಗಾದ ಒಗಟು

ದಕ್ಷಿಣ ಪೆಸಿಫಿಕ್ಕಿನಲ್ಲಿ ಟೊಂಗಾ ಎಂಬ ದ್ವೀಪಮಾಲೆಯಿದೆ. ಅದರ ಪೂರ್ವಕ್ಕೆ ಸುಮಾರು 10.8 ಕಿ.ಮೀ. ಆಳದ ಸಾಗರ ಕಂದಕ. ಅಲ್ಲಿಂದ ಪೆಸಿಫಿಕ್ ಫಲಕ ಪಶ್ಚಿಮಕ್ಕೆ ಓರೆಯಾಗಿ ಇಳಿಯುತ್ತದೆ. ಜಗತ್ತಿನ ಅತಿ ಆಳದ ಭೂಕಂಪಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಂಭವಿಸುವುದು ಈ ವಲಯದಲ್ಲೇ. ಟೊಂಗಾದಿಂದ ಪಶ್ಚಿಮಕ್ಕೆ ಫಿಜಿ ದ್ವೀಪಗಳಿವೆ, 600 ಕಿ.ಮೀ. ಆಳದ ನಾಭಿಗಳು ಇವೆರಡರ ನಡುವೆ, ಫಿಜಿಯ ಕಡೆಗೇ ಹೆಚ್ಚು ಸರಿದು, ಇವೆ.

1960ರ ದಶಕದ ಮಧ್ಯದಲ್ಲಿ ಅಮೆರಿಕದ ಲಮಾಂಟ್ ವೀಕ್ಷಣಾಲಯದ ಜಾಕ್ ಆಲಿವರ್ ಮತ್ತು ಬ್ರಯಾನ್ ಐಸ್ಯಾಕ್ಸ್ ಎರಡೂ ಕಡೆ ಭೂಕಂಪಮಾಪಕಗಳನ್ನಿಟ್ಟರು. ಒಂದೇ ನಾಭಿಯಿಂದ ಹೊರಟ ಅಲೆಗಳು ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಬಗೆಯಾಗಿ ಬರಬೇಕಿತ್ತು. ಫಿಜಿ ಹತ್ತಿರವಿದ್ದಾಗ ಅಲ್ಲೇ ಪ್ರಬಲವಾಗಿರಬೇಕಿತ್ತು. ಆದದ್ದು ಬೇರೆ. ಟೊಂಗಾದಲ್ಲಿ ಎಸ್ ಅಲೆಗಳು ಚೂಪಾಗಿ, ಬಲವಾಗಿ, ಹೆಚ್ಚು ಆವೃತ್ತಿಯ ಕಂಪನಗಳನ್ನು ಉಳಿಸಿಕೊಂಡು ಬಂದವು. ಫಿಜಿಯಲ್ಲಿ ಅವು ಮೊಂಡಾಗಿ, ದುರ್ಬಲವಾಗಿ ಬಂದವು. ಹೆಚ್ಚು ಆವೃತ್ತಿಯ ಭಾಗ ದಾರಿಯಲ್ಲೇ ಕರಗಿಹೋಗಿತ್ತು.

ಇದರ ಅರ್ಥವೇನು? ಊರ ಜಾತ್ರೆಯ ವಾದ್ಯಗಳನ್ನು ದೂರದಿಂದ ಆಲಿಸಿದಾಗ ಡೊಳ್ಳಿನ ದನಿ ಕೇಳಿಸುತ್ತದೆ, ತಾಳದ ಕಿಣಿಕಿಣಿ ಕೇಳಿಸುವುದಿಲ್ಲ. ಮಾಧ್ಯಮವು ಹೆಚ್ಚು ಆವೃತ್ತಿಯ ಅಲೆಯನ್ನು ಬೇಗ ಹೀರಿಕೊಳ್ಳುತ್ತದೆ. ಬಂಡೆಯಲ್ಲೂ ಹೀಗೇ. ಬಂಡೆ ಬಿಸಿಯಾಗಿ ಮೆತುವಾದಷ್ಟೂ ಅಲೆಯ ಶಕ್ತಿ ಹೆಚ್ಚು ಸೋರಿಹೋಗುತ್ತದೆ. ಬಂಡೆ ತಣ್ಣಗೆ ಬಿರುಸಾಗಿದ್ದರೆ, ಒಳ್ಳೆಯ ಕಂಚಿನ ಗಂಟೆಯಂತೆ, ಕಂಪನವನ್ನು ಉಳಿಸಿಕೊಳ್ಳುತ್ತದೆ. ಆದ್ದರಿಂದ ನಾಭಿಯಿಂದ ಟೊಂಗಾವರೆಗೆ ಓರೆಯಾಗಿ ಮೇಲೇರುವ ದಾರಿಯುದ್ದಕ್ಕೂ ತಣ್ಣನೆಯ, ಬಿರುಸಾದ ಬಂಡೆ ಇರಬೇಕು. ಫಿಜಿಯ ಕಡೆಯ ದಾರಿಯಲ್ಲಿ ಸಾಮಾನ್ಯ ಬಿಸಿ ಮ್ಯಾಂಟಲ್ ಇರಬೇಕು. ಲೆಕ್ಕ ಹಾಕಿದಾಗ ಆ ತಣ್ಣನೆಯ ಭಾಗದ ದಪ್ಪ ಸುಮಾರು 100 ಕಿ.ಮೀ. ಎಂದು ಬಂತು. ಸಾಗರದ ತಳದ ಫಲಕದ ದಪ್ಪವೂ ಅಷ್ಟೆ! ಬಿರುಕಿಗೆ ಇಷ್ಟು ದಪ್ಪ ಇರಲಾರದು. 1967ರಲ್ಲಿ ಪ್ರಕಟವಾದ ಈ ಫಲಿತಾಂಶ, ಸಾಗರದ ತಳವೇ ಒಂದು ಹಲಗೆಯಂತೆ ಇಡಿಯಾಗಿ ಕೆಳಗಿಳಿಯುತ್ತಿದೆ ಎಂಬುದಕ್ಕೆ ಪ್ರಬಲ ಆಧಾರವಾಯಿತು.

ಜಪಾನಿನಲ್ಲಿ ಇಂಥ ವಿಚಿತ್ರ ಬಹಳ ಹಿಂದೆಯೇ ಗಮನಕ್ಕೆ ಬಂದಿತ್ತು. ಜಪಾನ್ ಸಮುದ್ರದ ಅಡಿಯ ಆಳದ ಭೂಕಂಪವು ಅದಕ್ಕೆ ಹತ್ತಿರದ ಪಶ್ಚಿಮ ತೀರದವರಿಗಿಂತ ದೂರದ ಪೆಸಿಫಿಕ್ ತೀರದವರಿಗೆ ಜೋರಾಗಿ ತಿಳಿಯುತ್ತಿತ್ತು. ಅಲೆಗಳು ಫಲಕವನ್ನೇ ದಾರಿ ಮಾಡಿಕೊಂಡು ಮೇಲೇರುತ್ತಿದ್ದವು.

ತಣ್ಣಗೆ ಉಳಿಯುವುದೇಕೆ?

ಕುದಿಯುವ ನೀರಿಗೆ ಹಾಕಿದ ಆಲೂಗಡ್ಡೆಯ ನಡುಭಾಗ ಬೇಯಲು ಹೊತ್ತು ಹಿಡಿಯುತ್ತದೆ. ಬಂಡೆ ಉಷ್ಣದ ವಿಷಯದಲ್ಲಿ ಇನ್ನೂ ಸೋಮಾರಿ. ಉಷ್ಣವು ಒಂದು ದಪ್ಪವನ್ನು ದಾಟಲು ಬೇಕಾಗುವ ಕಾಲ ಆ ದಪ್ಪದ ವರ್ಗಕ್ಕೆ ಅನುಪಾತವಾಗಿರುತ್ತದೆ. ಬಂಡೆಯ ಉಷ್ಣ ವಿಸರಣಾಂಕ ಸೆಕೆಂಡಿಗೆ ಸುಮಾರು ಹತ್ತು ಲಕ್ಷದಲ್ಲೊಂದು ಚದರ ಮೀಟರ್. 100 ಕಿ.ಮೀ. ದಪ್ಪದ ಫಲಕದ ನಡುಭಾಗವನ್ನು ಎರಡೂ ಕಡೆಯಿಂದ ಕಾಯಿಸಬೇಕಾದರೆ ಉಷ್ಣ 50 ಕಿ.ಮೀ. ಸಾಗಬೇಕು. 50,000ದ ವರ್ಗವನ್ನು ಈ ವಿಸರಣಾಂಕದಿಂದ ಭಾಗಿಸಿ, ಸೆಕೆಂಡುಗಳನ್ನು ವರ್ಷಗಳಿಗೆ ಬದಲಿಸಿ. ಸುಮಾರು 8 ಕೋಟಿ ವರ್ಷ ಎಂದು ಬರುತ್ತದೆ.

ಫಲಕ ಇಳಿಯಲು ತಗಲುವ ಕಾಲ ಇದಕ್ಕಿಂತ ಬಹಳ ಕಡಿಮೆ. ಟೊಂಗಾದ ಉತ್ತರ ಭಾಗದಲ್ಲಿ ಎರಡು ಫಲಕಗಳು ವರ್ಷಕ್ಕೆ ಸುಮಾರು 24 ಸೆಂ.ಮೀ.ನಂತೆ ಒಂದನ್ನೊಂದು ಸಮೀಪಿಸುತ್ತಿವೆ ಎಂದು 1995ರಲ್ಲಿ ಪ್ರಕಟವಾದ ಜಿಪಿಎಸ್ ಅಳತೆಗಳು ತೋರಿಸಿದವು. ಜಗತ್ತಿನ ಅತಿ ವೇಗದ ಫಲಕ ಚಲನೆಗಳಲ್ಲಿ ಇದು ಒಂದು. ವರ್ಷಕ್ಕೆ 15 ಸೆಂ.ಮೀ. ಎಂದೇ ಹಿಡಿದರೂ 700 ಕಿ.ಮೀ. ಜಾರಲು 50 ಲಕ್ಷ ವರ್ಷ ಸಾಕು. ಕಾಯಲು 8 ಕೋಟಿ ವರ್ಷ, ಇಳಿಯಲು 50 ಲಕ್ಷ ವರ್ಷ! ಫಲಕದ ಒಡಲು ಸುತ್ತಲಿನ ಮ್ಯಾಂಟಲಿಗಿಂತ ನೂರಾರು ಡಿಗ್ರಿ ತಣ್ಣಗೇ ಉಳಿಯುವುದರಲ್ಲಿ ಆಶ್ಚರ್ಯವಿಲ್ಲ. ಜೆಫ್ರಿಸ್ ಅವರ ಆಕ್ಷೇಪಣೆಗೂ ಅರ್ಧ ಉತ್ತರ ಇಲ್ಲೇ ಇದೆ. ಬಿಸಿ ಬಂಡೆ ಬಿರಿಯಲಾರದು ಎಂಬುದು ಸರಿ. ಆದರೆ ಬಿರಿಯುತ್ತಿರುವುದು ಬಿಸಿ ಬಂಡೆಯಲ್ಲ.

ಮೂರನೆಯ ಸಾಕ್ಷ್ಯ: ಬೇಗ ಬಂದ ಅಲೆ

ತಣ್ಣನೆಯ ಬಂಡೆಯಲ್ಲಿ ಅಲೆಗಳ ವೇಗವೂ ಹೆಚ್ಚು. ಫಲಕದೊಳಗೆ ವೇಗ ಶೇಕಡ 5ರಷ್ಟು ಹೆಚ್ಚೆಂದು ಇಟ್ಟುಕೊಳ್ಳಿ. ಸೆಕೆಂಡಿಗೆ 8.5 ಕಿ.ಮೀ. ವೇಗದಲ್ಲಿ 500 ಕಿ.ಮೀ. ಸಾಗಲು 58.8 ಸೆಕೆಂಡು ಬೇಕು. ವೇಗ 8.925 ಆದರೆ 56 ಸೆಕೆಂಡು ಸಾಕು. ಉಳಿತಾಯ ಮೂರು ಸೆಕೆಂಡಿನ ಹತ್ತಿರ. ಭೂಕಂಪಮಾಪಕಕ್ಕೆ ಇದು ದೊಡ್ಡ ಅಂತರವೇ. ತೊಂದರೆ ಇರುವುದು ಬೇರೆ ಕಡೆ. ಭೂಕಂಪ ನಡೆದ ಜಾಗ ಮತ್ತು ಕ್ಷಣವನ್ನು ನಾವು ಕಂಡುಕೊಳ್ಳುವುದೇ ಅಲೆಗಳು ಬಂದ ಹೊತ್ತಿನಿಂದ. ಹಾಗಿರುವಾಗ ಅಲೆ ಬೇಗ ಬಂತೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಇದಕ್ಕೆ ಉತ್ತರ ಬಂದದ್ದು ಅನಿರೀಕ್ಷಿತ ಕಡೆಯಿಂದ. 1965ರ ಅಕ್ಟೋಬರ್ 29ರಂದು ಅಮೆರಿಕವು ಅಲ್ಯೂಷಿಯನ್ ದ್ವೀಪಗಳಲ್ಲಿ ಒಂದಾದ ಅಮ್ಚಿಟ್ಕಾದಲ್ಲಿ ‘ಲಾಂಗ್‌ಶಾಟ್’ ಎಂಬ ಭೂಗತ ಪರಮಾಣು ಸ್ಫೋಟ ನಡೆಸಿತು. ಇಂಥ ಸ್ಫೋಟಗಳನ್ನು ದೂರದಿಂದ ಪತ್ತೆ ಮಾಡಬಹುದೇ ಎಂದು ತಿಳಿಯುವುದೇ ಅದರ ಉದ್ದೇಶ. ಈ ಬಾರಿ ಅಲೆಗಳು ಹೊರಟ ಜಾಗ ಮತ್ತು ಕ್ಷಣ ಎರಡೂ ಕರಾರುವಾಕ್ಕಾಗಿ ಗೊತ್ತಿದ್ದವು. ಆದರೂ ದೂರದ ಕೇಂದ್ರಗಳ ದಾಖಲೆಗಳಿಂದ ಲೆಕ್ಕ ಹಾಕಿದಾಗ ಸ್ಫೋಟದ ಸ್ಥಳ ನಿಜಸ್ಥಳಕ್ಕಿಂತ 20 ಕಿ.ಮೀ.ಗೂ ಹೆಚ್ಚು ಉತ್ತರಕ್ಕೆ ಬಂತು! ಪೆಸಿಫಿಕ್ ಫಲಕ ಅಲ್ಲಿ ಉತ್ತರಕ್ಕೆ ಇಳಿಯುತ್ತದೆ. ಉತ್ತರದ ಕಡೆ ಹೋದ ಅಲೆಗಳು ತಣ್ಣನೆಯ ಫಲಕದೊಳಗೇ ಬಹುದೂರ ಸಾಗಿ ಬೇಗ ತಲುಪಿದವು. ಬೇಗ ತಲುಪಿದ್ದರಿಂದ ಲೆಕ್ಕವು ಮೂಲವನ್ನು ಅತ್ತ ಎಳೆಯಿತು. 1969ರಲ್ಲಿ ಡೇವಿಸ್ ಮತ್ತು ಮೆಕೆಂಜಿ ಈ ವ್ಯತ್ಯಾಸಗಳಿಗೆ ಕಾರಣ ಇಳಿಯುವ ಫಲಕವೇ ಎಂದು ವಿವರಿಸಿದರು.

ನಮ್ಮ ಗೌರಿಬಿದನೂರಿನ ಭೂಕಂಪಮಾಪಕ ವ್ಯೂಹವೂ ಅದೇ ದಶಕದಲ್ಲಿ, ಅದೇ ಉದ್ದೇಶಕ್ಕಾಗಿ ಹುಟ್ಟಿದ್ದು. ಪರಮಾಣು ಸ್ಫೋಟಗಳನ್ನು ಪತ್ತೆ ಮಾಡಲು ಬ್ರಿಟನ್ನಿನ ಸಹಕಾರದೊಡನೆ ಅದನ್ನು ಸ್ಥಾಪಿಸಲಾಯಿತು. ಸ್ಫೋಟಕ್ಕೆಂದು ಇಟ್ಟ ಕಿವಿಗೆ ಭೂಕಂಪವೂ ಕೇಳಿಸುತ್ತದೆ. ಆ ಕಾಲದ ಇಂಥ ಉಪಕರಣಗಳಿಂದ ಭೂವಿಜ್ಞಾನಕ್ಕಾದ ಲಾಭ ದೊಡ್ಡದು.

ಭೂಮಿಗೆ ಸಿ.ಟಿ. ಸ್ಕ್ಯಾನ್

ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನಲ್ಲಿ ಹಲವು ದಿಕ್ಕುಗಳಿಂದ ಕ್ಷ-ಕಿರಣಗಳನ್ನು ಹಾಯಿಸಿ, ಒಂದೊಂದು ಕಿರಣ ಎಷ್ಟು ಕುಂದಿತು ಎಂಬುದರಿಂದ ಒಳಚಿತ್ರ ಕಟ್ಟುತ್ತಾರೆ. ಭೂಕಂಪ ಟೊಮೊಗ್ರಫಿಯಲ್ಲಿ ಲಕ್ಷಾಂತರ ಅಲೆಗಳು ಎಷ್ಟು ಬೇಗ ಅಥವಾ ತಡವಾಗಿ ಬಂದವು ಎಂಬುದನ್ನು ಒಟ್ಟುಗೂಡಿಸುತ್ತಾರೆ. ಒಂದೇ ಜಾಗವನ್ನು ಬೇರೆ ಬೇರೆ ದಿಕ್ಕಿನಿಂದ ಹಾದುಹೋದ ಅಲೆಗಳೆಲ್ಲ ಬೇಗ ಬಂದಿದ್ದರೆ ಆ ಜಾಗದಲ್ಲಿ ವೇಗ ಹೆಚ್ಚು. ನಕ್ಷೆಯಲ್ಲಿ ಅದಕ್ಕೆ ಸಾಮಾನ್ಯವಾಗಿ ನೀಲಿ ಬಣ್ಣ.

ಈ ವಿಧಾನದಿಂದ ಒಂದು ಮುಖ್ಯ ವಿಷಯ ತಿಳಿಯಿತು. ಭೂಕಂಪಗಳು ಸುಮಾರು 700 ಕಿ.ಮೀ. ಆಳದಲ್ಲಿ ನಿಂತುಬಿಡುತ್ತವೆ. ಫಲಕಗಳು ಅಲ್ಲಿಗೇ ನಿಲ್ಲುವುದಿಲ್ಲ. 660 ಕಿ.ಮೀ. ಆಸುಪಾಸಿನಲ್ಲಿ ಒತ್ತಡದಿಂದ ಮ್ಯಾಂಟಲಿನ ಖನಿಜಗಳ ಸ್ಫಟಿಕ ರಚನೆ ಬದಲಾಗುತ್ತದೆ. ಇಳಿಯುವ ಫಲಕಕ್ಕೆ ಅಲ್ಲಿ ಅಡ್ಡಿಯಿದೆ. ಈಶಾನ್ಯ ಜಪಾನಿನ ಕಡೆಯಿಂದ ಇಳಿದ ಫಲಕ ಅಲ್ಲಿ ಬಾಗಿ, ಚೀನದ ಅಡಿಯವರೆಗೆ ಮಲಗಿದಂತೆ ಚಾಚಿಕೊಂಡಿದೆ. ಉತ್ತರ ಅಮೆರಿಕದ ಅಡಿಗೆ ಹಿಂದೆಯೇ ಇಳಿದ ಫ್ಯಾರಲಾನ್ ಫಲಕವಾದರೋ ಆ ಗಡಿಯನ್ನು ಭೇದಿಸಿ ಕೆಳ ಮ್ಯಾಂಟಲಿನೊಳಗೆ ಇಳಿದುಹೋಗಿದೆ. 1997ರಲ್ಲಿ ಪ್ರಕಟವಾದ ಚಿತ್ರಗಳಲ್ಲಿ ಅದು ಸ್ಪಷ್ಟವಾಗಿ ಕಂಡಿತು.

ಆದರೆ ಈ ಚಿತ್ರಗಳನ್ನು ಛಾಯಾಚಿತ್ರದಂತೆ ನಂಬಬಾರದು. ವೈದ್ಯರು ಕಿರಣದ ದಿಕ್ಕನ್ನು ಆಯ್ದುಕೊಳ್ಳುತ್ತಾರೆ. ಭೂವಿಜ್ಞಾನಿಗೆ ಆ ಸ್ವಾತಂತ್ರ್ಯವಿಲ್ಲ. ಭೂಕಂಪಗಳು ತಮ್ಮ ಜಾಗಗಳಲ್ಲೇ ಆಗುತ್ತವೆ. ಮಾಪಕಗಳು ಬಹುಪಾಲು ನೆಲದ ಮೇಲಿವೆ, ಸಾಗರದ ತಳದಲ್ಲಿ ಕಡಿಮೆ. ಅಲೆಗಳು ವಿರಳವಾಗಿ ಹಾಯ್ದ ಕಡೆ ಚಿತ್ರ ಕಲಸಿಹೋಗುತ್ತದೆ. ನೀಲಿಯೆಲ್ಲ ತಣ್ಣನೆಯದೂ ಅಲ್ಲ. ಬಂಡೆಯ ರಾಸಾಯನಿಕ ಸಂಯೋಜನೆಯಿಂದಲೂ ವೇಗ ಬದಲಾಗುತ್ತದೆ. ಆದ್ದರಿಂದಲೇ ಮೂರೂ ಸಾಕ್ಷ್ಯಗಳನ್ನು ಒಟ್ಟಿಗೆ ಪರಿಶೀಲಿಸಬೇಕು.

ನಮಗೇಕೆ ಇದು ಮುಖ್ಯ?

ಅಂಡಮಾನ್ ಮತ್ತು ಸುಮಾತ್ರದ ಪಶ್ಚಿಮಕ್ಕೆ ಸಾಗರದ ತಳ ಇದೇ ರೀತಿ ಪೂರ್ವಕ್ಕೆ ಇಳಿಯುತ್ತದೆ. ನಮ್ಮ ಬ್ಯಾರನ್ ದ್ವೀಪದ ಜ್ವಾಲಾಮುಖಿ ಆ ಇಳಿತದ ಫಲ. 2004ರ ಡಿಸೆಂಬರ್ 26ರಂದು ಅಲ್ಲಿ 9.1 ಪರಿಮಾಣದ ಭೂಕಂಪವಾಗಿ, ಫಲಕಗಳ ಸಂಧಿ ಸುಮಾರು 1300 ಕಿ.ಮೀ. ಉದ್ದಕ್ಕೆ ಬಿಟ್ಟುಕೊಂಡಿತು. ಸುನಾಮಿಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಬಲಿಯಾದರು. ಅಂದು ನಾಭಿ ಇದ್ದದ್ದು ಸುಮಾರು 30 ಕಿ.ಮೀ. ಆಳದಲ್ಲಿ. ಓಖೋಟ್ಸ್ಕ್‌ನಲ್ಲಿ ಇದ್ದದ್ದು 600 ಕಿ.ಮೀ. ಆಳದಲ್ಲಿ. ಒಂದು ಸಾಗರದ ತಳವನ್ನೇ ಎತ್ತಿಹಾಕಿತು, ಇನ್ನೊಂದು ಹಾಗೆ ಮಾಡಲಿಲ್ಲ. ಹೈದರಾಬಾದಿನಲ್ಲಿ 2007ರಿಂದ ಕೆಲಸ ಮಾಡುತ್ತಿರುವ ಸುನಾಮಿ ಮುನ್ನೆಚ್ಚರಿಕೆ ಕೇಂದ್ರದವರು ಭೂಕಂಪವಾದೊಡನೆ ಜಾಗ ಮತ್ತು ಪರಿಮಾಣದ ಜೊತೆಗೆ ಆಳವನ್ನೂ ನಿರ್ಧರಿಸಬೇಕಾಗುವುದು ಇದಕ್ಕಾಗಿಯೇ. ಫಲಕದ ಓರೆಯೂ ಮುಖ್ಯ. ಅದು ಕಡಿದಾಗಿದ್ದರೆ ಮೇಲಿನ ತಣ್ಣನೆಯ ಭಾಗದಲ್ಲಿ ಸಿಕ್ಕಿಕೊಂಡಿರುವ ಸಂಧಿಯ ಅಗಲ ಕಡಿಮೆ; ಮಂದವಾಗಿದ್ದರೆ ಅಗಲ ಹೆಚ್ಚು, ಒಮ್ಮೆಗೇ ಸರಿಯಬಹುದಾದ ಕ್ಷೇತ್ರವೂ ಹೆಚ್ಚು.

ಭಾರತ ಉಪಖಂಡದ ಅಡಿಯಲ್ಲೂ ಹಳೆಯ ಫಲಕಗಳ ಗುರುತಿದೆ. ಭಾರತವು ಏಷ್ಯಕ್ಕೆ ಬಂದು ತಾಗುವ ಮುನ್ನ ಇವೆರಡರ ನಡುವೆ ಟೆಥಿಸ್ ಸಾಗರವಿತ್ತು. ಅದರ ತಳ ಏಷ್ಯದ ಅಂಚಿನಲ್ಲಿ ಇಳಿದುಹೋಯಿತು. ಅದರ ಮೇಲೆಯೇ ಭಾರತ ಉತ್ತರಕ್ಕೆ ಸಾಗಿ ಬಂತು. ಇಂದು ನಮ್ಮ ಅಡಿಯಲ್ಲಿ 1000 ಕಿ.ಮೀ.ಗೂ ಮಿಕ್ಕಿದ ಆಳದಲ್ಲಿ ಕಾಣುವ ವೇಗದ ಪಟ್ಟಿಗಳು ಆ ಸಾಗರದ ತಳದ ಅವಶೇಷಗಳೆಂದು 1999ರಲ್ಲಿ ವಾನ್ ಡೆರ್ ವೂ ಮತ್ತು ಸಂಗಡಿಗರು ಗುರುತಿಸಿದರು.

ಉಳಿದ ಪ್ರಶ್ನೆ, ಮಾಡಿ ನೋಡುವ ಪಾಠ

ಫಲಕ ತಣ್ಣಗಿದೆ ಎಂಬುದು ಅರ್ಧ ಉತ್ತರ ಎಂದೆವು. ಉಳಿದರ್ಧ ಇನ್ನೂ ಚರ್ಚೆಯಲ್ಲಿದೆ. ಎರಡು ಲಕ್ಷ ಪಟ್ಟು ಒತ್ತಡದಲ್ಲಿ ಬಿರುಕಿನ ಎರಡು ಮುಖಗಳು ಒಂದಕ್ಕೊಂದು ಬಿಗಿದು ಹಿಡಿದಿರುವಾಗ, ತಣ್ಣನೆಯ ಬಂಡೆಯೂ ಸುಲಭವಾಗಿ ಸರಿಯಲಾರದು. ಫಲಕದಲ್ಲಿ ಬದಲಾಗದೆ ಉಳಿದುಕೊಂಡ ಆಲಿವಿನ್ ಖನಿಜ ಆ ಆಳದಲ್ಲಿ ಥಟ್ಟನೆ ಹೆಚ್ಚು ಸಾಂದ್ರತೆಯ ರೂಪಕ್ಕೆ ಬದಲಾಗಿ ಜಾರುವ ಪದರಗಳನ್ನು ಉಂಟುಮಾಡುತ್ತದೆ ಎಂಬುದು ಒಂದು ವಾದ. ಜಾರುವಾಗ ಹುಟ್ಟುವ ಶಾಖದಿಂದ ಬಂಡೆ ಇನ್ನಷ್ಟು ಮೆತುವಾಗಿ ಜಾರಿಕೆ ಓಟ ಹಿಡಿಯುತ್ತದೆ ಎಂಬುದು ಇನ್ನೊಂದು.

ಅಧ್ಯಾಪಕರಿಗೆ ಒಂದು ಸಲಹೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕಂಪ ಪಟ್ಟಿ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಅದರಿಂದ ಉತ್ತರ ಅಕ್ಷಾಂಶ 38ರಿಂದ 41, ಪೂರ್ವ ರೇಖಾಂಶ 129ರಿಂದ 145ರ ನಡುವಿನ, ಅಂದರೆ ಈಶಾನ್ಯ ಜಪಾನಿನ, ಹಲವು ವರ್ಷಗಳ ಭೂಕಂಪಗಳನ್ನು ಆಯ್ದುಕೊಳ್ಳಿ. ಗ್ರಾಫ್ ಹಾಳೆಯ ಅಡ್ಡ ಅಕ್ಷದಲ್ಲಿ ರೇಖಾಂಶವನ್ನೂ ಕೆಳಮುಖವಾದ ಅಕ್ಷದಲ್ಲಿ ಆಳವನ್ನೂ ಗುರುತಿಸಲು ಹೇಳಿ. ಆ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 85 ಕಿ.ಮೀ. ಎರಡು ಅಕ್ಷಗಳಿಗೂ ಒಂದೇ ಅಳತೆ ಇರಲಿ. ಮೇಲುಭಾಗದಲ್ಲಿ ಚದುರಿದ ಒಂದಷ್ಟು ಚುಕ್ಕೆಗಳನ್ನು ಬಿಟ್ಟರೆ, ಉಳಿದವು 144 ಡಿಗ್ರಿಯ ಬಳಿಯ ಕಂದಕದಿಂದ ಪಶ್ಚಿಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿ ಇಳಿದುಹೋಗುತ್ತವೆ. ವಿದ್ಯಾರ್ಥಿಗಳು ಕೋನಮಾಪಕವಿಟ್ಟು ಆ ಓರೆಯನ್ನು ತಾವೇ ಅಳೆಯಲಿ. ಅವರು ಅಳೆಯುವುದು ಯಾರೂ ಕಣ್ಣಾರೆ ಕಂಡಿರದ ಫಲಕದ ಇಳಿಜಾರನ್ನು.